ಒಂದು ಗೇಣು

ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ
ಹತ್ತೂ ಆಜ್ಞೆಗಳನ್ನು ಒಂದೇ ಉಸಿರಲ್ಲಿ ಒಪ್ಪಿಸಿ
ತಗಡಿನ ಕಂಪಾಸ್ ಪೆಟ್ಟಿಗೆ ಗೆದ್ದವನು ನಾನು.
ಕರುಣಾಬಾಯಿ ಟೀಚರ್ ಬೆನ್ನು ತಟ್ಟಿ
"ಕಂಠಪಾಠ ಅಂದ್ರ ಹಿಂಗಿರಬೇಕ್ ನೋಡ್ರಿ" ಅಂದರು.
ಅದು ಕಂಠದಲ್ಲೇ ಉಳಿಯಿತು,
ನಲವತ್ತು ವರ್ಷ, ಕೆಡದೆ,
ಉಪ್ಪಿನಲ್ಲಿಟ್ಟ ಮಾವಿನ ಮಿಡಿಯ ಹಾಗೆ.

ಇಲ್ಲಿ ಮನಾಮಾದಲ್ಲಿ, ಗುದೈಬಿಯಾದ ಒಂದು ಗಲ್ಲಿಯಲ್ಲಿ
ಯಾರ್ಯಾರದೋ ಬಿಳಿ ತೋಬುಗಳಿಗೆ ಇಸ್ತ್ರಿ ಹಾಕುತ್ತೇನೆ.
ಜೇಬು ತಡವುವುದು ಮೊದಲ ಕೆಲಸ:
ಪಾರ್ಕಿಂಗ್ ಚೀಟಿ, ಜಪಮಣಿ, ಖರ್ಜೂರದ ಬೀಜ,
ಒಮ್ಮೊಮ್ಮೆ ದಿನಾರು.
ಹನ್ನೊಂದು ವರ್ಷದಲ್ಲಿ ಒಂದು ಫಿಲ್ಸ್ ಮುಟ್ಟಿಲ್ಲ.
ಶುಕ್ರವಾರ ಒಂಬತ್ತರಿಂದ ಹತ್ತೂವರೆ
ಬಾಡಿಗೆ ಹಾಲು ಕನ್ನಡದವರದು, ಆಮೇಲೆ ತೆಲುಗಿನವರದು.
ಅವರು ಬಾಗಿಲಲ್ಲಿ ಕಾಯುತ್ತ ನಿಂತಿದ್ದರೂ
ನಾನು ಸಾವಕಾಶ ಸಾಕ್ಷಿ ಹೇಳುತ್ತಿದ್ದೆ:
ಒಂದೇ ಒಂದು ಫಿಲ್ಸ್, ಸಹೋದರರೇ.

ಮೊಫಿಜುಲ್ ನೋಯಾಖಾಲಿಯವನು.
ಇಸ್ತ್ರಿ ಮೇಜಿನ ಕಂಬಳಿಯಡಿಗೆ
ಇಪ್ಪತ್ತರ ನೋಟು ಸರಿಸಿದ್ದನ್ನು ಕಂಡೆ.
ಅರ್ಬಾಬ್ ಕೇಳಿದ. ಕಂಡದ್ದನ್ನು ಹೇಳಿದೆ.
"ನೆನೆದಿತ್ತು ಭಾಯ್, ಒಣಗಲಿ ಅಂತ ಇಟ್ಟೆ"
ಅಂದ ಅವನು, ಅರ್ಬಾಬನಿಗಲ್ಲ, ನನಗೆ.
ಕಂಬಳಿ ಎತ್ತಿದಾಗ ನೋಟಿನ ಒಂದು ಅಂಚು
ಇನ್ನೂ ಒದ್ದೆಯಾಗಿತ್ತು.
ಅದನ್ನು ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಆರನೆಯ ದಿನ ಅವನ ಟಿಕೆಟ್ಟು ಬಂತು.

ಕಳವು? ಮಾಡಲಿಲ್ಲ.
ಸುಳ್ಳುಸಾಕ್ಷಿ? ಒಂದಕ್ಷರ ಸುಳ್ಳಿಲ್ಲ.
ಹತ್ತರಲ್ಲಿ ಎಲ್ಲಿ ತಡವಿದರೂ ಕೈಗೇನೂ ಹತ್ತದು,
ತೊಳೆದ ಜೇಬಿನ ಹಾಗೆ.

ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು.
ಎ.ಸಿ.ಯ ಗಾಳಿ ನೇರ ಬೀಳುವುದು ಒಂದಕ್ಕೇ,
ಮೊಫಿಜುಲನದಕ್ಕೆ.
ಅವನು ಹೋದ ರಾತ್ರಿಯೇ ನನ್ನ ಹಾಸಿಗೆ ಅಲ್ಲಿತ್ತು.
ಆಗಸ್ಟು. ಹೊರಗೆ ಸಮುದ್ರವೇ ಬೆವರುತ್ತಿತ್ತು.
ತಂಪು ಮುಖಕ್ಕೆ ತಾಗಿದ್ದೇ ತಡ
ಗಂಟಲಲ್ಲಿ ಹತ್ತನೆಯದು ಎದ್ದು ಕೂತಿತು:
ನೆರೆಯವನ ಮನೆ ಬಯಸಬೇಡ,
ಅವನ ಎತ್ತು, ಅವನ ಕತ್ತೆ…
ಟೀಚರ್, ಆ ಪಟ್ಟಿಯಲ್ಲಿ ಮಂಚ ಇರಲಿಲ್ಲ.
ಮೂರು ಬೇಸಿಗೆ
ಮೇಲಿನಿಂದ ಆ ದಿಂಬನ್ನೇ ನೋಡುತ್ತ ಬೆಂದಿದ್ದೆ.
ಅರ್ಬಾಬ್ ಕೇಳಿದಾಗ ನಾಲಿಗೆ
ಅದಕ್ಕೇ ಅಷ್ಟು ಚುರುಕಾಯಿತೇ?

ಕಂಠದಿಂದ ಎದೆಗೆ ಒಂದೇ ಗೇಣು.
ಕಲ್ಲಿನಲ್ಲಿ ಬರೆದ ಬೆರಳಿಗೂ
ಇಲ್ಲಿ ಬರೆಯುವುದು ಕಷ್ಟವೇ ಇರಬೇಕು:
ಕಲ್ಲು ಅಲುಗದೆ ಮಲಗಿರುತ್ತದೆ,
ಮಾಂಸ ಹಿಂದೆ ಸರಿಯುತ್ತದೆ.

ಅರ್ಬಾಬನಿಗೆ ಒದ್ದೆ ಅಂಚಿನ ಮಾತು ಹೇಳಿದೆ.
"ಖಲಾಸ್" ಅಂದ, ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ.
ನೋಯಾಖಾಲಿಗೆ ಫೋನು ಮಾಡಿದೆ.
ಹಿಂದೆ ಕೋಳಿಗಳ ಸದ್ದು, ಯಾರೋ ನೀರು ಸೇದುವ ಸದ್ದು.
ಎಲ್ಲ ಹೇಳಿದೆ, ಮಂಚದ್ದನ್ನೂ.
ಬಹಳ ಹೊತ್ತು ಸುಮ್ಮನಿದ್ದ ಮೊಫಿಜುಲ್
ಕೊನೆಗೆ ಕೇಳಿದ:
"ಫಿಲ್ಟರ್ ತೊಳೆದೆಯಾ? ಅಲ್ಲಿ ಧೂಳು ಜಾಸ್ತಿ.
ತಿಂಗಳಿಗೊಮ್ಮೆ ನಾನು ತೊಳೆಯುತ್ತಿದ್ದೆ, ಎಲ್ಲರಿಗೂ."
ಕ್ಷಮಿಸಿದೆ ಅನ್ನಲಿಲ್ಲ.
ಇಲ್ಲ ಅಂತಲೂ ಅನ್ನಲಿಲ್ಲ.

ಫಿಲ್ಟರ್ ತೊಳೆದೆ. ಕಪ್ಪು ನೀರು ಹರಿಯಿತು.
ಆ ಮಂಚದಲ್ಲಿ ಈಗ ನೇಪಾಳದ ಹುಡುಗ,
ಬೆವರುಸಾಲೆಯ ಕತ್ತು, ಬಾಯಿ ತೆರೆದ ನಿದ್ದೆ.

ಶುಕ್ರವಾರ ಸಾಕ್ಷಿಯ ವೇಳೆಗೆ ಎದ್ದು ನಿಂತೆ.
ಗಂಟಲು ಖಾಲಿ.
ಕೂತೆ.
ಅಂದು ತೆಲುಗಿನವರಿಗೆ ಹಾಲು
ಹತ್ತು ನಿಮಿಷ ಮೊದಲೇ ಸಿಕ್ಕಿತು.