ದಪ್ಪ ಸದ್ದು

ಟೋಪಿ ಹಾಕುವ ಹುಡುಗಿ ಮೊದಲು ಬೈತಲೆ ಬಿಡಿಸಿದಳು,
ಅವ್ವ ಹೇನು ನೋಡುತ್ತಿದ್ದಳಲ್ಲ, ಹಾಗೆ.
ಮೂವತ್ತೆರಡು ಕಡೆ ತಣ್ಣನೆ ಅಂಟು,
ಮೂವತ್ತೆರಡು ತಂತಿ.
"ಕಣ್ಣು ಆ ಚುಕ್ಕಿ ಮೇಲಿರಲಿ ಅಕ್ಕಾ.
ಸಣ್ಣ ಸದ್ದು ಬಿಟ್ಟುಬಿಡಿ.
ನಡುವೆ ಯಾವಾಗಲೋ ದಪ್ಪ ಸದ್ದು ಬರುತ್ತೆ,
ಅದನ್ನಷ್ಟೇ ಎಣಿಸಿ."

ಟಿಣ್ ಟಿಣ್ ಟಿಣ್ ಟಿಣ್
ಢಣ್.
ಒಂದು.

ಕೊಟ್ರಮ್ಮ ಆಗಲೇ ಎಣಿಸಿ ಮುಗಿಸಿ
ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ.
ನನಗಿಂತ ಒಂಬತ್ತು ನಿಮಿಷ ದೊಡ್ಡವಳು.
ಒಂದೇ ಮೊಟ್ಟೆ ಸೀಳಿ ಇಬ್ಬರಾದೆವಂತೆ;
ಗುರುತಿಗೆಂದು ಅವಳ ಕಾಲಿಗೆ ಕರಿದಾರ,
ನನ್ನದು ಬರಿಗಾಲು.
ಹತ್ತೊಂಬತ್ತಕ್ಕೆ ಅವಳಿಗೆ ದನಿಗಳು ಬಂದವು.
ಆಮೇಲೆ ಯಾರಿಗೂ ದಾರ ಬೇಕಾಗಲಿಲ್ಲ.

ಟಿಣ್ ಟಿಣ್ ಢಣ್.

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ ನಮ್ಮ ಮನೆ.
ಹೊಟ್ಟು ಸಾಲದ ದಿನ ಒಲೆಗೆ ಹಳೇ ಟೈರು,
ತಂತಿ ಮೇಲಿನ ಬಟ್ಟೆಗೆಲ್ಲ ಕಾಡಿಗೆ.
ಕಾದ ಮರಳಿಗೆ ಅಕ್ಕಿ ಬಿದ್ದರೆ
ಒಂದೇ ಉಸಿರಿಗೆ ಸಾವಿರ ಚಟಚಟ.
ಜರಡಿ ಎತ್ತುವ ಮೊದಲೇ ಅಪ್ಪ ಹೇಳುತ್ತಿದ್ದ,
"ಇದ್ರಾಗೆ ಗೊಡ್ಡು ಬಾಳ ಐತಿ."
ಅರಳದೆ ಉಳಿದ ಕಾಳಿನ ಮೌನವೇ
ಅವನ ಕಿವಿಗೆ ದಪ್ಪ ಸದ್ದು.

ಡಾಕ್ಟರ್ ನಿಖತ್ ಕಾಗದ ಬಿಡಿಸಿದರು.
ದಪ್ಪ ಸದ್ದು ಬಿದ್ದು ಸೆಕೆಂಡಿನ ಮೂರನೇ ಒಂದು ಪಾಲಿಗೆ
ಮಿದುಳಿನಲ್ಲೊಂದು ಗುಡ್ಡ ಏಳಬೇಕಂತೆ.
ಕೊಟ್ರಮ್ಮನದು ಬದು.
ನನ್ನದು
ಅದಕ್ಕಿಂತ ಒಂದು ಗೇಣು ಎತ್ತರ, ಅಷ್ಟೇ.
"ಇದು ಕಾಯಿಲೆ ಅಲ್ಲ ಹಾಲಮ್ಮ, ಬರೀ ಗುರುತು.
ಒಂದಷ್ಟು ರಕ್ತದ್ದು, ಒಂದಷ್ಟು ಬೆಳೆದ ಜಾಗದ್ದು."
ಎಷ್ಟೆಷ್ಟು ಅಂದೆ.
ಒಂದು ಜೋಡಿ ನೋಡಿ ಹೇಳೋಕಾಗಲ್ಲ, ನೂರಾರು ಬೇಕು ಅಂದರು.

ನಾನು ಮಂಡಕ್ಕಿ ಅಳೆದು ಬೆಳೆದವಳು.
ರಕ್ತ ಎಷ್ಟು ಸೇರು, ಹೊಗೆ ಎಷ್ಟು ಪಾವು,
ತಲೆ ತಟ್ಟಿ ಅಳೆಯಲೋ, ಗೋಪುರ ಬಿಟ್ಟೋ?
ಆರು ವರ್ಷದ ಹೊಗೆ ಇಬ್ಬರೂ ಕುಡಿದೆವು.
ಆಮೇಲೆ ದುರ್ಗದ ಸೋದರತ್ತೆ ಬಂದಳು,
ಇಬ್ಬರಲ್ಲಿ ಒಬ್ಬಳನ್ನು ಓದಿಸ್ತೀನಿ, ಯಾರಾದ್ರೂ ಸರಿ, ಅಂತ.
ಅವತ್ತು ಕೊಟ್ರಮ್ಮನಿಗೆ ಜ್ವರ.
ಬಸ್ಸಿನ ಕಿಟಕಿಗೆ ನಾನು ಕೂತೆ.

ಇದನ್ನು ಡಾಕ್ಟರಿಗೆ ಹೇಳಿದೆ. ಬರೆದುಕೊಂಡರು.
ಇನ್ನೊಂದು ಹೇಳಲಿಲ್ಲ.

ಹನ್ನೊಂದರಲ್ಲಿ, ದುರ್ಗದ ಬಂಡೆಗಳ ನಡುವೆ,
ಮಟಮಟ ಮಧ್ಯಾಹ್ನ,
ಯಾರೋ ನನ್ನ ಹೆಸರು ಹಿಡಿದು ಕರೆದರು.
ಎರಡು ಸಲ.
ತಿರುಗಲಿಲ್ಲ. ಗಾಳಿ ಅಂದುಕೊಂಡೆ.
ಗಾಳಿಯೇ ಇದ್ದೀತು.
ಚಪ್ಪಲಿ ಕೈಯಲ್ಲಿ ಹಿಡಿದು
ಅತ್ತೆ ಮನೆತನಕ ಓಡಿದ್ದು ಮಾತ್ರ ನೆನಪಿದೆ.

ಆಟೋದಲ್ಲಿ ಕೊಟ್ರಮ್ಮ ಕೇಳಿದಳು,
"ನಿಂದೆಷ್ಟು ಬಂತು?"
ಮೂವತ್ತೇಳು.
"ನಂದು ನಲವತ್ತು."
ಅವಳದೇ ಸರಿ. ಹುಡುಗಿಯ ಹಾಳೆಯಲ್ಲೂ ನಲವತ್ತೇ ಇತ್ತು.
ಗುಡ್ಡ ಏಳದ ತಲೆ
ಒಂದನ್ನೂ ಬಿಡದೆ ಎಣಿಸಿತ್ತು.

ಮೂರು ಎಲ್ಲಿ ಹೋದವೇ, ಅಂದೆ.
ಮಾತ್ರೆಯಿಂದ ನಡುಗುವ ಕೈಯನ್ನು
ನನ್ನ ತೊಡೆಯ ಮೇಲಿಟ್ಟು ನಕ್ಕಳು.

"ನೀನು ಮೊದ್ಲಿಂದ್ಲೂ ಹಂಗೇ.
ಕರದ್ರೆ ಓ ಅನ್ನಲ್ಲ."