ಟಿಕೆಟಿನ ಬೆನ್ನಿಗೆ ಬರೆದ ಬಾಕಿ

ಹದಿನಾಲ್ಕು ವರ್ಷ ತೀರ್ಥಹಳ್ಳಿ ರೂಟಿನಲ್ಲಿ
ಹೊರಟ ಬಸ್ಸಿನ ಫುಟ್‌ಬೋರ್ಡಿಗೆ ಹಾರಿದವನು ನಾನು.
ಮಂಡಗದ್ದೆಯ ತಿರುವುಗಳಲ್ಲಿ ಕಂಬಿ ಹಿಡಿಯದೆ
ನೋಟು ಮಡಚಿ ಬೆರಳ ಸಂದಿಗೆ ಸಿಕ್ಕಿಸುತ್ತಿದ್ದವನು.

ಎಂಟು ದಿನದ ಜ್ವರ ಬಂತು, ಇಳಿಯಿತು.
ಅದು ಇಳಿದ ಸ್ಟಾಪಿನಲ್ಲೇ ಇನ್ಯಾರೋ ಹತ್ತಿದರು.
ಟಿಕೆಟಿಲ್ಲ, ಹೆಸರಿಲ್ಲ,
ಎಲ್ಲಿ ಇಳಿಯುತ್ತೀರಿ ಅಂದರೆ ಮಾತಿಲ್ಲ.

ಮೊದಮೊದಲು ಹಲ್ಲುಜ್ಜಿ ಕೂರುತ್ತಿದ್ದೆ.
ಆಮೇಲೆ ಕೂತು ಹಲ್ಲುಜ್ಜಿದೆ.
ಒಂದು ದಿನ ಬ್ರಶ್ಶು ಕೈಯಲ್ಲೇ ಇಟ್ಟುಕೊಂಡು
ಬಚ್ಚಲ ಕಟ್ಟೆಯ ಮೇಲೆ ಅತ್ತೆ.
ಅಳುವುದಕ್ಕೂ ಪೂರ್ತಿ ತ್ರಾಣವಿರಲಿಲ್ಲ,
ಅರ್ಧಕ್ಕೆ ಬಿಟ್ಟೆ.

ರಕ್ತ ನಾರ್ಮಲ್. ಥೈರಾಯ್ಡ್ ನಾರ್ಮಲ್. ಎದೆಯೂ.
ದುರ್ಗಿಗುಡಿಯ ಲ್ಯಾಬಿನ ಹುಡುಗಿ ನಗುತ್ತ ಕೊಟ್ಟ ಕವರು
ಹಿಡಿದು ಮೆಟ್ಟಿಲಿಳಿಯಲಾರದೆ ನಿಂತೆ.
ಭಾವ ಅಂದ: ಮೈಗಳ್ಳತನಕ್ಕೆ ಯಾವ ಸ್ಕ್ಯಾನು?
ಅಕ್ಕ ಅಂದಳು: ಬೆಳಿಗ್ಗೆ ಎದ್ದು ಓಡು, ಎಲ್ಲ ಸರಿಹೋಗುತ್ತೆ.
ಓಡಿದೆ, ಸ್ಟೇಡಿಯಮ್ಮಿನ ಸುತ್ತ ಒಂದೇ ಸುತ್ತು.
ಹತ್ತೊಂಬತ್ತು ದಿನ ಮಲಗಿದೆ.

ಏಳನೆಯ ಡಾಕ್ಟರು ಪ್ರಿಸಿಲ್ಲಾ ಮೇಡಂ
ಪೆನ್ನು ಕೆಳಗಿಟ್ಟು ಹೇಳಿದರು:
"ಯಾಕೆ ಅಂತ ನನಗೆ ಗೊತ್ತಿಲ್ಲ.
ಆದರೆ ನೀವು ಹೇಳುತ್ತಿರುವುದು ನಿಜ."
ಆ ರಾತ್ರಿ ಕಣ್ತುಂಬ ನಿದ್ದೆ.
ಮಾತ್ರೆಯ ಪೊಟ್ಟಣ ಇನ್ನೂ ಒಡೆದಿರಲಿಲ್ಲ.

ಲೋಲಾಕ್ಷಿ ಕ್ಯಾಲೆಂಡರಿನ ಹಿಂಬದಿ ಲೆಕ್ಕ ಶುರು ಮಾಡಿದಳು.
ತಲೆಸ್ನಾನ ಇದ್ದರೆ ಪೇಟೆ ಇಲ್ಲ. ಪೇಟೆ ಇದ್ದರೆ ನೆಂಟರಿಲ್ಲ.
ನೆಂಟರು ಬಂದು ಹೋದರೆ ಎರಡು ದಿನ ಬಾಗಿಲಿಗೆ ಅಗುಳಿ.
ಚೀಲದಲ್ಲಿ ಐವತ್ತು ಉಳಿದಿರುವಾಗಲೇ ಮನೆಗೆ ಬಾ, ಅಂದಳು,
ತಳ ಕೆರೆದ ಮೇಲಲ್ಲ.
ಕಂಡಕ್ಟರಿಗೇ ಲೆಕ್ಕ ಕಲಿಸುತ್ತೀಯಾ ಎಂದು ರೇಗಿದೆ.
ಕಲಿಸಿದಳು.

ಒಳ್ಳೆಯ ದಿನಗಳೇ ಮೋಸ. ಎಲ್ಲ ಇಂದೇ ಖರ್ಚು ಮಾಡು ಅನ್ನುತ್ತವೆ.

ಡ್ರೈವರ್ ಇಸ್ಮಾಯಿಲಣ್ಣ ಸೋಮವಾರ ಬರುತ್ತಿದ್ದ.
ಹೇಗಿದ್ದೀಯ ಎಂದು ಒಮ್ಮೆಯೂ ಕೇಳಲಿಲ್ಲ.
ಹತ್ತು ನಿಮಿಷ ಕ್ಲಚ್ ಪ್ಲೇಟಿನ ಸುದ್ದಿ ಹೇಳಿ
ಚಾ ಕುಡಿಯದೆ ಎದ್ದು ಹೋಗುತ್ತಿದ್ದ.
ಅವನೇ ಹೇಳಿರಬೇಕು ಮಾಲೀಕರಿಗೆ. ಸಲ್ಡಾನಾ
ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸ್ಟೂಲು ಹಾಕಿಸಿ
ಟೈಮ್‌ಕೀಪರ್ ಮಾಡಿದರು. ಬೆಳಿಗ್ಗೆ ಎರಡು ತಾಸು.
"ನಿಂತು ಬರೆದರೆ ಸಂಬಳ ಕಟ್!"

ಸ್ಟೂಲು ಸಿಗದವರೂ ಇದ್ದಾರು ಇದೇ ಊರಿನಲ್ಲಿ,
ನಾರ್ಮಲ್ ಎಂದು ಬರೆದ ಕವರುಗಳ ಮೇಲೆ ತಲೆಯಿಟ್ಟು.

ನಿನ್ನೆ ಗಾಜನೂರಿಗೆ ಹೋದೆ, ಸುಮ್ಮನೆ,
ಸೀಟಿನಲ್ಲಿ ಕೂತು, ಪ್ಯಾಸೆಂಜರ್ ಆಗಿ.
ಹೊಸ ಹುಡುಗ, ನನ್ನ ಗುರುತಿಲ್ಲ.
ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಿ ಎಂದು
ಟಿಕೆಟಿನ ಬೆನ್ನಿಗೆ ಬಾಕಿ ಗೀಚಿಕೊಟ್ಟ.
ಡ್ಯಾಮಿನ ಸ್ಟಾಪಿನಲ್ಲಿ ಇಳಿದೆ, ಮರೆತೆ.
ರೈಟ್ ಅನ್ನುವ ಸದ್ದಿಗೆ ಹಳೆಯ ಕಾಲು
ಹಾರಲು ನೋಡಿತು.
ಬಿಡಲಿಲ್ಲ.

ಹನ್ನೆರಡೂ ಹತ್ತಕ್ಕೆ ಇದೇ ಬಸ್ಸು ವಾಪಸು,
ಚೀಟಿಯಲ್ಲಿ ಆ ಟೈಮು ಬರೆದವನೇ ನಾನು.
ಮೋರಿಕಟ್ಟೆಯ ನೆರಳು ನೋಡಿ ಕೂತೆ.
ಟಿಕೆಟು ಜೇಬಿನಲ್ಲಿತ್ತು.
ಹುಡುಗ ಅಷ್ಟರಲ್ಲಿ ಮರೆತಿರಲೂಬಹುದು.