ಟವೆಲ್ ಹಾಕಿದ ಸೀಟು

ಕುಂಸಿ ದಾಟಿದ ತಿರುವಿನಲ್ಲಿ ಬಸ್ಸು ಮಗುಚಿದಾಗ
ಡ್ರೈವರ್ ಫೆಲಿಕ್ಸನಿಗೆ ಹೆಗಲ ಮೂಳೆ, ನನಗೆ ಸೊಂಟ.
ಇಬ್ಬರಿಗೂ ಒಂದೇ ಚೀಟಿ, ಒಂದೇ ಮಾತ್ರೆ.
ಅವನು ಹತ್ತು ದಿನ ನುಂಗಿ ಮರೆತ.
ಉಳಿದ ನಾಲ್ಕು ಇನ್ನೂ ಅವನ ಮನೆ
ಗಡಿಯಾರದ ಹಿಂದೆ ಇವೆಯಂತೆ.

ಮೊದಲ ರಾತ್ರಿ ನೋವೇನೂ ಹೋಗಲಿಲ್ಲ.
ಅಲ್ಲೇ ಇತ್ತು, ಪಕ್ಕದ ಮನೆಯ ಜಗಳದ ಹಾಗೆ:
ಕೇಳುತ್ತದೆ, ನನ್ನದಲ್ಲ.
ಜೊತೆಗೆ ಕೇಳದೆಯೇ ಇನ್ನೊಂದು ಬಂತು.
ಕಂತು, ಕಲೆಕ್ಷನ್ನು, ಅಪ್ಪನ ಕೆಮ್ಮು,
ಎಲ್ಲದರ ಮೇಲೂ ಯಾರೋ ಕಂಬಳಿ ಹೊದಿಸಿದರು.

ಡಾಕ್ಟರ್ ನಫೀಸಾ ಕಾಗದದಲ್ಲಿ ಮಿದುಳು ಬರೆದರು,
ಗೋಡಂಬಿಯ ಹಾಗಿತ್ತು.
'ಇಲ್ಲೆಲ್ಲ ಗ್ರಾಹಕಗಳಿವೆ.'
ಗ್ರಾಹಕ ಅಂದರೆ ಗಿರಾಕಿ ಅಲ್ಲವೇ, ಎಂದೆ.
ನಕ್ಕರು. 'ಸೀಟು ಅನ್ನಿ ಹಾಗಾದರೆ, ಚೌಡಪ್ಪ.'

ಸೀಟು ನನಗೆ ಗೊತ್ತು.
ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ
ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ,
ಹಾಗೆ ಈ ಮಾತ್ರೆ.
ಆ ಸೀಟಿಗೆ ಪಾಸಿನವರಿದ್ದರು, ಮೈಯಲ್ಲೇ ಹುಟ್ಟಿದವರು.
ಓಡಿ ದಣಿದಾಗ, ಮಗು ಎದೆಗೊರಗಿದಾಗ
ಬಂದು, ಒಂದು ಸ್ಟಾಪು ಕೂತು, ಇಳಿದುಹೋಗುವವರು.
ಟವೆಲ್ ನೋಡಿ ನಿಂತರು. ನಿಂತೂ ನಿಂತೂ
ಬರುವುದನ್ನೇ ಬಿಟ್ಟರು.

ಮೈಯೂ ಕಿಲಾಡಿ ಮಾಲೀಕ.
ನೂಕುನುಗ್ಗಲು ನೋಡಿ ಸೀಟನ್ನೇ ಕಳಚತೊಡಗಿತು.
ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು,
ಸುಖಕ್ಕಲ್ಲ, ಬರೀ ನೆಟ್ಟಗೆ ನಿಲ್ಲಲಿಕ್ಕೆ.
ಆನಂದಪುರದವರೆಗಿನ ಟಿಕೆಟ್ ದುಡ್ಡು
ಚೀಟಿ ಕೇಳದ ಅಂಗಡಿಗೆ.
ತಪ್ಪಿದ ದಿನ ಆಕಳಿಕೆ, ಸುರಿವ ಮೂಗು,
ಏಪ್ರಿಲ್ ಸೆಕೆಯಲ್ಲಿ ತರಿದ ಕೋಳಿಯಂಥ ಚರ್ಮ,
ತಮ್ಮಷ್ಟಕ್ಕೆ ಒದೆಯುವ ಕಾಲು.

ಮಿದುಳಿನ ಬುಡದಲ್ಲಿ ಒಬ್ಬ ಕಂಡಕ್ಟರ್ ಇದ್ದಾನಂತೆ,
ಪ್ರತಿ ಉಸಿರಿಗೂ ರೈಟ್, ರೈಟ್ ಎನ್ನುವವನು.
ಎಂಟು ಮಾತ್ರೆಯ ರಾತ್ರಿ ಅವನು ತೂಕಡಿಸಿದ.
ಗುತ್ಯಮ್ಮ ನನ್ನ ಕೆನ್ನೆಗೆ ಹೊಡೆದೂ ಹೊಡೆದೂ
ಆಂಬುಲೆನ್ಸ್ ಬರುವವರೆಗೆ
ಆ ಕೆಲಸ ತಾನೇ ಮಾಡಿದಳು.

ಫೆಲಿಕ್ಸನಿಗೆ ಯಾಕಿಲ್ಲ ಮೇಡಂ?
'ಸ್ವಲ್ಪ ರಕ್ತ, ಸ್ವಲ್ಪ ವಯಸ್ಸು,
ಸೊಂಟ ಮುರಿಯುವ ಮೊದಲು
ಇನ್ನೇನು ಮುರಿದಿತ್ತು ಅನ್ನೋದು ಸ್ವಲ್ಪ.
ಉಳಿದದ್ದು ನಮಗೂ ಗೊತ್ತಿಲ್ಲ.'
ಆ ಕೊನೆ ಮಾತಿಗೇ ನಾನು ಅವರನ್ನು ನಂಬಿದ್ದು.

ಈಗ ನಾಲಿಗೆಯಡಿ ದಿನಾ ಒಂದು ಗುಳಿಗೆ.
ಅರ್ಧ ಟಿಕೆಟ್ಟಿನಲ್ಲಿ ಪೂರಾ ಸೀಟು ಹಿಡಿದ ಮುದುಕಿ ಅದು.
ಕುಕ್ಕೆ ಮಡಿಲಲ್ಲಿ, ಕಣ್ಣು ಮುಚ್ಚಿ.
ಯಾರು ಟವೆಲ್ ಎಸೆದರೂ ಏಳುವವಳಲ್ಲ.
ಖುಷಿ ಗಿಷಿ ಇಲ್ಲ. ಜಗಳವೂ ಇಲ್ಲ.
ಬಸ್ಸು ಹೋಗುತ್ತಿದೆ.

ಭಾನುವಾರ ಫೆಲಿಕ್ಸನ ಮಗಳ ಜ್ಞಾನಸ್ನಾನ.
ಊಟಕ್ಕೆ ಬಾ ಮಾರಾಯ, ಅಂದ.
ಬರ್ತೀನಿ, ಅಂದೆ.
ಮೊದಲು ಆ ಗಡಿಯಾರದ ಹಿಂದೆ
ಒಂದ್ಸಲ ಗುಡಿಸಿಬಿಡು.